ಮೊಣಕೈ ಕೆಳಗಿನ ಕಲ್ಲು

ಇಂಗ್ಲೆಂಡಿನ ಒಂದು ಜಿಲ್ಲೆಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಭೀಮನಬೀಡಿನಲ್ಲಿ, ನನ್ನ ಮಾವನ ಮನೆಯ ಜಗಲಿಯ ಮೇಲೆ, ಯುಗಾದಿಯ ಮಾರನೆಯ ದಿನ ವರ್ಷತೊಡಕಿನ ಬಾಡೂಟ ಉಂಡು ಕೂತಿದ್ದಾಗ.

ಆ ದಿನದವರೆಗೆ ಆ ಜಗಲಿ ನನ್ನದಾಗಿತ್ತು. ಮನೆ ಮಾವನದು, ಜಗಲಿ ಮಾತ್ರ ನನ್ನದು. ಊಟ ಮುಗಿದು ಎಲೆಅಡಿಕೆ ತಟ್ಟೆ ಬಂತೆಂದರೆ ಯಾರಾದರೊಬ್ಬರು, "ದೊಡ್ಡಳಿಯಂದ್ರು ಏನಾರ ಏಳ್ಲಿ" ಎನ್ನುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ಗೋಡೆಗೆ ಒರಗಿ ಕತೆ ಶುರುಮಾಡುತ್ತಿದ್ದೆ. ಹರದನಹಳ್ಳಿಯಲ್ಲಿ ನನ್ನ ಅಜ್ಜ, ಅಜ್ಜನ ತಮ್ಮ, ಅವರ ಜೊತೆ ಹರಟೆಗೆ ಬರುತ್ತಿದ್ದ ಮುದುಕರು, ಇವರ ಮಧ್ಯೆ ಬೆಳೆದವನು ನಾನು. ಹೊಗೆ ಉಗುಳುತ್ತಿದ್ದ ಹಳೆಯ ರೈಲು, ಹುಲಿ ಹೊಕ್ಕ ಕೊಟ್ಟಿಗೆ, ಸಂತೆಮರಹಳ್ಳಿ ಸಂತೆಗೆ ತಲೆಹೊರೆ ಹೊತ್ತು ಬೆಳಗಿನ ಜಾವಕ್ಕೇ ಹೊರಟವರು, ಎಲ್ಲವೂ ನನಗೆ ಅವರ ಬಾಯಿಂದಲೇ ಬಂದದ್ದು. ರೇಷ್ಮೆ ಇಲಾಖೆಯಲ್ಲಿ ನೌಕರಿ ಇತ್ತು ನಿಜ. ಆದರೆ ಮಾವನ ಮನೆಯಲ್ಲಿ ನನಗಿದ್ದ ಬೆಲೆ ನೌಕರಿಯಿಂದ ಬಂದದ್ದಲ್ಲ, ಬಾಯಿಂದ ಬಂದದ್ದು.

ಆ ವರ್ಷ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಒಂದು ಪುಸ್ತಕ ತಂದ. ಅವನ ಮನೆ ಗುಂಡ್ಲುಪೇಟೆಯಲ್ಲಿ. ಬಂಡೀಪುರದ ದಾರಿಯ ಒಂದು ಅತಿಥಿಗೃಹದಲ್ಲಿ ಅಡುಗೆ ಮಾಡುತ್ತಿದ್ದ. ಕೇರಳದ ಲಾರಿಯವರ ಜೊತೆ ಮಲೆಯಾಳ, ಊಟಿ ಕಡೆಯವರ ಜೊತೆ ತಮಿಳು, ಬಿಳಿಯರ ಜೊತೆ ಅರ್ಧ ಇಂಗ್ಲಿಷು ಅರ್ಧ ಕೈಸನ್ನೆ, ಹೀಗೆ ಎಲ್ಲರ ಜೊತೆಗೂ ಏಗುವವನು. ಆನೆ ನೋಡಲು ಬಂದಿದ್ದ ಇಂಗ್ಲೆಂಡಿನ ಮುದುಕ ಮುದುಕಿ ಇವನ ಹುರುಳಿಕಟ್ಟಿನ ಸಾರಿಗೆ ಮನಸೋತು, ಊರಿಗೆ ಹೋದಮೇಲೆ ನೆನಪಿಟ್ಟು ಅಂಚೆಯಲ್ಲಿ ಕಳಿಸಿದ ಪುಸ್ತಕ ಅದು. ಊಟದ ಮಣೆಯಷ್ಟು ದೊಡ್ಡದು. ಅದನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಬಾಣಂತಿಯ ಕೂಸನ್ನು ಎತ್ತಿಕೊಂಡು ಬಂದ ಹಾಗೆ ತಂದು ಜಗಲಿಯ ಮಧ್ಯಕ್ಕೆ ಇಟ್ಟ.

ಅವರ ಜಿಲ್ಲೆಯ ಹಳೆಯ ಫೋಟೋಗಳ ಪುಸ್ತಕ. ಅಲ್ಲಿ ಜಿಲ್ಲೆಗೆ ಕೌಂಟಿ ಅನ್ನುತ್ತಾರಂತೆ. ಕಲ್ಲಿನ ಸೇತುವೆ ದಾಟುವ ಕುರಿಮಂದೆ, ರೊಟ್ಟಿ ಅಂಗಡಿಯ ಮುಂದೆ ಕೈಕಟ್ಟಿ ನಿಂತ ಮೀಸೆಯವನು, ಬುಟ್ಟಿ ಹಿಡಿದು ತೋಟದಲ್ಲಿ ಏನೋ ಬಿಡಿಸುತ್ತಿರುವ ಹೆಂಗಸರು, ಬಾವಿಯ ಕೈಪಂಪಿನ ಸುತ್ತ ಟೋಪಿ ಹಾಕಿಕೊಂಡು ನಿಂತ ಶಾಲೆಯ ಮಕ್ಕಳು. ಒಂದು ಪುಟದಲ್ಲಿ ಅಂದಿನ ಬೀದಿ, ಎದುರು ಪುಟದಲ್ಲಿ ಅದೇ ಬೀದಿ ಇಂದು. ಅವರ ದನದ ಕೊಟ್ಟಿಗೆಗೂ ಫೋಟೋ ಇತ್ತು. ಅದರ ಕೆಳಗೆ ವಿವರ ಬೇರೆ.

ಷಡ್ಡಕ ಒಂದೊಂದೇ ಹಾಳೆ ತಿರುವುತ್ತಾ ವಿವರಿಸತೊಡಗಿದ. "ಇವ್ನು ಅವರೂರ ಯಜಮಾನ. ಇವ್ಳು ಸೊಸೆ. ಇಬ್ರಿಗೂ ಆಗಿಬರಾಕಿಲ್ಲ."

"ಅದೆಂಗೆ ಗೊತ್ತಾಯ್ತಪ್ಪ ನಿಮಗೆ?" ಎಂದರು ಮಾವ.

"ಮಕ ನೋಡುದ್ರೆ ಗೊತ್ತಾಗಕಿಲ್ವಾ ಮಾವ? ಅವ್ನು ಇತ್ಲಾಗೆ ನಿಂತವ್ನೆ, ಅವ್ಳು ಅತ್ಲಾಗೆ ನೋಡ್ತಾವ್ಳೆ. ಸಾರಿಗೆ ಉಪ್ಪು ಕಮ್ಮಿಯಾಗಿರ್ಬೇಕು."

ಜಗಲಿಯೇ ಬಿದ್ದು ಬಿದ್ದು ನಕ್ಕಿತು. ನಾನು ಹಿರಿಯರಿಂದ ಕೇಳಿದ್ದನ್ನು ಹೇಳುವವನು, ಒಂದು ಮಾತು ಹೆಚ್ಚುಕಡಿಮೆ ಆಗದ ಹಾಗೆ. ಇವನು ಕಾಣದ ದೇಶದ ಕಾಣದ ಮಂದಿಗೆ ಜಗಳ ಹಚ್ಚುತ್ತಿದ್ದಾನೆ, ಜನ ಬಾಯಿಬಿಟ್ಟು ಕೇಳುತ್ತಿದ್ದಾರೆ! ಎಲೆಅಡಿಕೆ ತಟ್ಟೆ ನನ್ನ ಮುಂದೆ ಬಂದು, ನಿಲ್ಲದೆ ಮುಂದಕ್ಕೆ ಹೋಯಿತು.

ಆಮೇಲೆ ಒಂದು ಹಾಳೆಯಲ್ಲಿ ರಸ್ತೆಬದಿಯ ಕಲ್ಲೊಂದು ಬಂತು. ಪಕ್ಕದಲ್ಲಿ ಬುಟ್ಟಿ ಇಳಿಸಿಕೊಂಡು ನಿಂತ ಹೆಂಗಸು. ಕೆಳಗಿನ ಇಂಗ್ಲಿಷನ್ನು ನಾನೇ ಅಕ್ಷರ ಅಕ್ಷರ ಕೂಡಿಸಿ ಓದಿ ಹೇಳಿದೆ. ರಸ್ತೆ ಅಗಲ ಮಾಡುವಾಗ ಈ ಕಲ್ಲನ್ನು ಕಿತ್ತರೂ, ಈ ಫೋಟೋ ನೋಡಿಕೊಂಡು ಅದನ್ನು ಮತ್ತೆ ಪಕ್ಕದ ಹೊಲದಂಚಿಗೆ ನೆಟ್ಟರಂತೆ.

ಬಾಗಿಲ ಹಿಂದೆ ಬಳೆ ಸದ್ದಾಯಿತು. ನನ್ನ ಅತ್ತೆ ಅಳಿಯಂದಿರ ಎದುರು ಕೂರುವವರಲ್ಲ, ಅವರ ಮುಖ ನೋಡಿ ಮಾತಾಡುವವರೂ ಅಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುವ ಹಾಗೆ ಹೇಳುವುದು, ಅದು ನಮಗೆ ಕೇಳಿಸುವುದು, ಇದು ಆ ಮನೆಯ ಕ್ರಮ. ಇಷ್ಟು ವರ್ಷದಲ್ಲಿ "ಇನ್ನೊಂಚೂರು ಸಾರು ಆಕ್ಸಮ್ಮಿ ಅವ್ರಿಗೆ" ಎನ್ನುವುದಕ್ಕಿಂತ ಹೆಚ್ಚಿನದನ್ನು ನಾನು ಅವರಿಂದ ಕೇಳಿರಲಿಲ್ಲ.

"ಕೇಳಮ್ಮಿ," ಎಂದರು ಅತ್ತೆ ನನ್ನ ಹೆಂಡತಿಗೆ. "ನಮ್ ಕಲ್ಲುಂದೂ ಇಂಗೇ ಯಾರಾರ ಫೋಟೋ ತಗ್ದಿದ್ದಾರಾ ಅಂತ."

ಅದು ಯಾವ ಕಲ್ಲು ಎಂದು ಎಲ್ಲರಿಗೂ ಗೊತ್ತಿತ್ತು. ಅತ್ತೆಯ ತವರು ಸಂತೆಮರಹಳ್ಳಿ ಹತ್ತಿರದ ಒಂದು ಸಣ್ಣ ಊರು. ಅವರ ಅಕ್ಕ ತುಂಬುಬಸುರಿಯಾಗಿದ್ದಾಗ ತೀರಿಕೊಂಡಳು. ಹೊರೆ ಇಳಿಸದೆಯೇ ಹೋದವಳ ಹೆಸರಿನಲ್ಲಿ ದಾರಿಹೋಕರ ಹೊರೆ ಇಳಿಯಲಿ ಎಂದು ಅವರಪ್ಪ ಊರ ಮುಂದಿನ ರಸ್ತೆಯಲ್ಲಿ ಎರಡು ಕಲ್ಲುಕಂಬ ನೆಟ್ಟು, ಭುಜದ ಮಟ್ಟಕ್ಕೆ ಒಂದು ಚಪ್ಪಡಿ ಹಾಸಿಸಿದ್ದರು. ಸಂತೆಗೆ ಹೋಗುವವರು ಇನ್ನೊಬ್ಬರ ಕೈ ಕೇಳದೆ ತಲೆಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಹಲವು ಊರಿನ ದಾರಿಯಲ್ಲಿ ಅಂಥ ಹೊರೆಗಲ್ಲು ಇದ್ದವು. ರಸ್ತೆ ಅಗಲವಾದಾಗ ಇದು ಮಣ್ಣಿನಡಿ ಹೋಯಿತೋ, ಯಾವುದಾದರೂ ಮೋರಿಗೆ ಹಾಸಾಯಿತೋ, ಯಾರಿಗೂ ತಿಳಿಯದು. ಬಸುರಿಯಾಗಿ ಸತ್ತವಳ ಮಾತನ್ನು ಹೊಸ್ತಿಲೊಳಗೆ ಆಡಬಾರದೆಂದು ಆ ಮನೆಯಲ್ಲಿ ಕಟ್ಟುನಿಟ್ಟು. ಅವಳ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಅವಳದೊಂದು ಫೋಟೋ ಇರಲಿಲ್ಲ. ಕಲ್ಲಾದರೂ ಕಂಡರೆ ಸಾಕು ಎಂದು ಅತ್ತೆ ಇವತ್ತು ಬಾಯಿಬಿಟ್ಟು ಕೇಳಿದ್ದರು.

"ಉಡುಕುದ್ರೆ ಸಿಕ್ಕೇ ಸಿಕ್ತದೆ ಕಣತ್ತೆ. ನಾನು ತಂದ್ಕೊಡ್ತೀನಿ" ಎಂದುಬಿಟ್ಟ ಷಡ್ಡಕ.

ನನಗೆ ಮೈ ಉರಿಯಿತು. "ನೀವ್ಯಾಕೆ ಅಷ್ಟು ದೂರ ಬರ್ತೀರಿ? ಅದು ನಮ್ ಸೀಮೆ. ಮನೆಮನೆ ನಂಗೊತ್ತು. ನಾನೇ ತರ್ತೀನಿ."

"ಯಾರು ತಂದ್ರೂ ಒಂದೇ ಅಲ್ವಾ ಅಣ್ಣ?"

ಒಂದೇ ಅಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಬರುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಕೌಂಟಿಯನ್ನು ಬೈದುಕೊಂಡೆ. ಏನು ಕೊಬ್ಬಪ್ಪಾ! ಕುರಿಗೆ ಫೋಟೋ, ಬಾವಿಗೆ ಫೋಟೋ, ಹಳೇ ಬೇಲಿಗೆ ಫೋಟೋ. ನಮ್ಮ ಜಿಲ್ಲೆಯೋ ಮೈಸೂರಿನಿಂದ ಬೇರೆಯಾಗಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಮ್ಮಲ್ಲಿ ಬಾವಿ ಇರಲಿಲ್ಲವೇ, ಕುರಿ ಇರಲಿಲ್ಲವೇ, ಮಾವನಿಗೂ ಸೊಸೆಗೂ ಜಗಳ ಇರಲಿಲ್ಲವೇ? ಎಲ್ಲ ಇತ್ತು. ಎದುರು ನಿಂತು ಕ್ಲಿಕ್ಕಿಸಿದವರಿರಲಿಲ್ಲ. ನನ್ನ ಅಜ್ಜ ಬಾಯಲ್ಲಿ ಬಿಟ್ಟುಹೋದದ್ದನ್ನು ನಾನು ಬಾಯಲ್ಲೇ ಹೊತ್ತು ತಿರುಗಬೇಕು, ಅವರ ಅಜ್ಜಂದಿರು ಮಣೆಯಂಥ ಪುಸ್ತಕದಲ್ಲಿ ಆರಾಮಾಗಿ ನಿಂತಿರಬೇಕು.

ಮರುವಾರದಿಂದಲೇ ಹುಡುಕಾಟಕ್ಕೆ ಬಿದ್ದೆ. ಹಿಪ್ಪುನೇರಳೆ ತೋಟ, ಹುಳುಮನೆ ನೋಡಲು ಆ ಕಡೆಯ ಹಳ್ಳಿಗಳಿಗೆ ಹೋಗುವುದು ನನ್ನ ಕೆಲಸವೇ. ಹುಳುವಿಗೆ ಸೊಪ್ಪು ಸಾಲುತ್ತಿದೆಯೇ ಎಂದು ಕೇಳಿ, ಅದೇ ಉಸಿರಿನಲ್ಲಿ ಮನೆಯಲ್ಲಿ ಹಳೇ ಫೋಟೋ ಇದೆಯೇ ಎಂದು ಕೇಳುತ್ತಿದ್ದೆ. ಫೋಟೋ ಇಲ್ಲದ ಮನೆಯೇ ಇರಲಿಲ್ಲ. ನಡುಮನೆಯ ಗೋಡೆಯಲ್ಲಿ ಹಾರ ಹಾಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ಹಿರಿಯರೆಲ್ಲ ಸಾಲಾಗಿ ಇದ್ದರು. ಆದರೆ ಅವರ ಹಿಂದೆ? ಹಿಂದೆ ಇಳಿಜಾರು ಹೆಂಚಿನ ಬಂಗಲೆ, ಅದರ ಮುಂದೆ ಬಣ್ಣಬಣ್ಣದ ಹೂಗಿಡ, ಕೊಳ, ಕೊಳದಲ್ಲಿ ಎರಡು ಹಂಸ. ಹಳೇ ಕಾಲದವರಿಗೆ ಸ್ಟುಡಿಯೋದ ಪರದೆಯಲ್ಲಿ ಬರೆದ ಬಂಗಲೆ, ಈಚೆಗೆ ಸತ್ತವರಿಗೆ ಕಂಪ್ಯೂಟರಿನಲ್ಲಿ ಕೂಡಿಸಿದ ಬಂಗಲೆ. ಜೀವಮಾನದಲ್ಲಿ ಅಂಗಿ ತೊಡದೆ ಮಂಡಿಯುದ್ದ ಕೆಸರಿನಲ್ಲಿ ದುಡಿದ ಮುದುಕ ಹಂಸದ ಕೊಳದ ದಡದಲ್ಲಿ ಕೋಟು ಹಾಕಿಕೊಂಡು ನಿಂತಿದ್ದ. ಆ ಬಂಗಲೆಯನ್ನು ಎಲ್ಲೋ ನೋಡಿದ್ದೇನಲ್ಲಾ ಎಂದು ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು. ಷಡ್ಡಕನ ಪುಸ್ತಕದಲ್ಲಿ! ಅದೇ ಇಳಿಜಾರು ಮಾಡು, ಅದೇ ಹೂವಿನ ಅಂಗಳ.

ಅವರೂರು ಅವರ ಫೋಟೋದಲ್ಲೂ ಇದೆ, ನಮ್ಮ ಫೋಟೋದಲ್ಲೂ ಇದೆ. ನಮ್ಮೂರು ಮಾತ್ರ ಎಲ್ಲೂ ಇಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಇನ್ನೊಂದು ಸುದ್ದಿ ತಂದಳು. ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದಾಗ ಗೊತ್ತಾಯಿತಂತೆ, ಷಡ್ಡಕನೂ ರಜೆಯ ದಿನ ಬೈಕು ಹತ್ತಿ ನಮ್ಮ ಕಡೆಗೇ ಬಂದು ಹುಡುಕುತ್ತಿದ್ದಾನೆ. "ನಿಮ್ ಸೀಮೆ ಅಂದ್ರಲ್ಲ, ಬೇಲಿ ಗೀಲಿ ಆಕ್ಸಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ಅತ್ತೆಯ ತವರೂರಿನಲ್ಲೇ, ಕಲ್ಲು ಇದ್ದ ಜಾಗದಿಂದ ಕೂಗಳತೆ ದೂರದ ಮನೆಯಲ್ಲಿ ನನ್ನ ಅದೃಷ್ಟ ತೆರೆಯಿತು. ಮನೆಯಲ್ಲಿ ಅತ್ತೆಯ ವಯಸ್ಸಿನ ಒಬ್ಬಾಕೆ, ಗೋಡೆಯಲ್ಲಿ ಆಕೆಯ ಗಂಡ. ಎತ್ತರದ ಆಳು, ಬಲಗೈಯಲ್ಲಿ ಚರ್ಮದ ಚೀಲದ ಟ್ರಾನ್ಸಿಸ್ಟರು. ಹಿಂದೆ ಯಥಾಪ್ರಕಾರ ಬಂಗಲೆ, ಹಂಸ. ಆದರೆ ಎಡಗೈ? ಎಡ ಮೊಣಕೈ ಏನನ್ನೋ ಊರಿಕೊಂಡಿತ್ತು. ಹತ್ತಿರ ಹೋಗಿ ನೋಡಿದೆ. ಅಂಗೈ ಅಗಲದ ಕಲ್ಲಿನ ತುಂಡು, ಕೊಳದ ನೀರಿನ ಮೇಲೆ ತೇಲುವ ಹಾಗೆ.

"ಇದೇನವ್ವ ಮೊಣಕೈ ಕೆಳಗೆ?"

"ಅದಾ? ಆ ಒರೆಗಲ್ಲು ಕಣಪ್ಪ. ರೇಡಿಯೋ ತಕಂಡ ದಿವ್ಸ ಸಂತೆಯಿಂದ ಬರ್ತಾ ಅದರ ಮ್ಯಾಲೆ ಕೈ ಮಡಿಕ್ಕಂಡು ತೆಗುಸ್ಕಂಡಿದ್ರು. ನಮ್ಮೂರಿಗೇ ಮೊದಲ್ನೇ ರೇಡಿಯೋ."

"ಇಡೀ ಕಲ್ಲು ಎಲ್ಲೋಯ್ತು?"

"ಇವ್ರು ಓದ್ಮೇಲೆ ದೊಡ್ದು ಮಾಡ್ಸಕ್ಕೆ ನಗರದ ಇಸ್ಟುಡಿಯೋಗೆ ಕೊಟ್ವು. ಅವ್ರು ಬೆನ್ನಿಂದಿದ್ದ ಕಸನೆಲ್ಲ ತಗ್ದು ಚಂದಾಗಿ ಬಂಗ್ಲೆ ಆಕ್ಕೊಟ್ರು. ಕಲ್ಲ ಪೂರಾ ತಗುದ್ರೆ ಕೈ ಗಾಳೀಲಿ ನಿಂತ್ಕತದೆ ಅಂತ ಅಷ್ಟು ಬುಟ್ರಂತೆ." ಆಕೆಗೆ ಆ ಬಂಗಲೆಯ ಬಗ್ಗೆ ಬಹಳ ಅಭಿಮಾನ. "ಬದ್ಕಿದ್ದಾಗ ಸೋಗೆ ಮನೇಲಿದ್ರು. ಈಗ ನೋಡಿ."

"ಮೊದಲಿನ ಚಿಕ್ಕ ಫೋಟೋ ಐತಾ?"

"ಸತ್ತೋರ್ದು ಎರಡೆರಡು ಮಡಿಕ್ಕಬಾರ್ದು ಅಂದ್ರು. ದೊಡ್ದು ಬಂದ್ಮೇಲೆ ಚಿಕ್ಕುದ್ದ ಸುವರ್ಣಾವತಿಗೆ ಬುಟ್ಬುಟ್ವು."

ಕುರಿಮಂದೆಯ ಫೋಟೋವನ್ನೂ ಕಾಪಾಡಿದ ಆ ಕೌಂಟಿಯವರು ಇದನ್ನು ಕೇಳಿದರೆ ಏನನ್ನುತ್ತಾರೆ? ಆದರೆ ಆಕೆಯನ್ನು ಏನೆಂದು ಬೈಯುವುದು? ಗಂಡನನ್ನು ಬಂಗಲೆಗೆ ಸೇರಿಸಿದ್ದಳು, ಎರಡನೆಯ ಫೋಟೋವನ್ನು ಹೊಳೆಗೆ ಸೇರಿಸಿದ್ದಳು, ಎಲ್ಲ ಕ್ರಮವಾಗಿಯೇ ಆಗಿತ್ತು. ಇದ್ದಷ್ಟನ್ನಾದರೂ ತೆಗೆದುಕೊಂಡು ಹೋಗಿ ತೋರಿಸೋಣವೆಂದರೆ ಆಕೆ ಒಪ್ಪಲಿಲ್ಲ. "ಮಾರ್ನಮೀಲಿ ಎಡೆ ಇಕ್ಕೋ ಗಂಟ ಗೋಡೆಯಿಂದ ಇಳ್ಸಕಿಲ್ಲ. ನಿಮ್ಮತ್ತೆ ಈ ಊರ ಎಣ್ಮಗಳಲ್ವಾ? ಅಪ್ಪ ಅವ್ವ ಓದ್ಮೇಲೆ ಇತ್ಲಾಗೆ ತಲೆ ಆಕಿಲ್ಲ. ಅವಳ್ನೇ ಕರ್ಕಬನ್ನಿ."

ಸರಿ, ಭಾನುವಾರ ನಾನೇ ಹೋಗಿ ಕರೆತರುತ್ತೇನೆ ಎಂದು ಹೇಳಿ ಬಂದೆ. ಹೆಂಡತಿಗೆ ಹೇಳದೆ ಇರಬೇಕಿತ್ತು. ಆದರೆ ಗೆದ್ದವನು ಯಾರಿಗಾದರೂ ಹೇಳಬೇಕಲ್ಲ.

ಭಾನುವಾರ ಮೊದಲ ಬಸ್ಸಿಗೆ ಹೊರಟು, ಗುಂಡ್ಲುಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಭೀಮನಬೀಡಿಗೆ ಹೋದರೆ ಮಾವ ಒಬ್ಬರೇ ಜಗಲಿಯಲ್ಲಿ ಕೂತಿದ್ದರು.

"ಅತ್ತೆ ಎಲ್ಲಿ ಮಾವ?"

"ಆಗ್ಲೇ ಓದ್ರಲ್ಲಪ್ಪ! ಚಿಕ್ಕಳಿಯಂದ್ರು ಬಂದು ಗಾಡೀಲಿ ಕೂರ್ಸ್ಕಂಡು ಓದ್ರು. ಕಲ್ಲಿನ ಫೋಟೋ ಸಿಕ್ತಂತೆ. ನಿಮಗೇಳ್ಲಿಲ್ವಾ?"

ನನಗೇ ಹೇಳಲಿಲ್ಲವಾ ಎಂದು ಕೇಳುತ್ತಾರೆ! ಅಕ್ಕನಿಂದ ತಂಗಿಗೆ, ತಂಗಿಯಿಂದ ಗಂಡನಿಗೆ ಸುದ್ದಿ ಹರಿದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಇನ್ನೊಂದು. ಅಳಿಯನ ಮುಖ ನೋಡದ ಅತ್ತೆ ಅಳಿಯನ ಗಾಡಿಯ ಹಿಂದೆ ಕೂತು ಹೋಗಿದ್ದರು. ನಾನು ಬಂದ ದಾರಿಯಲ್ಲೇ ತಿರುಗಿದೆ. ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ, ಅಲ್ಲಿಂದ ಸಂತೆಮರಹಳ್ಳಿ ದಾರಿ. ಎಮ್ಮೆ ಅಡ್ಡ ಬಂದರೂ ಡ್ರೈವರಿನ ಮೇಲೆ ಸಿಟ್ಟು ಬರುತ್ತಿತ್ತು.

ಆ ಮನೆ ಮುಟ್ಟುವ ಹೊತ್ತಿಗೆ ಬಾಗಿಲ ಮುಂದೆ ಅವನ ಬೈಕು ನೆರಳಿನಲ್ಲಿ ತಣ್ಣಗೆ ನಿಂತಿತ್ತು.

"ಬನ್ನಿ ಅಣ್ಣ," ಎಂದ ಷಡ್ಡಕ, ಆ ಮನೆ ಅವನದೇ ಎಂಬಂತೆ. "ತಡವಾಯ್ತಲ್ಲ?"

"ನಿಮ್ಮಷ್ಟು ಅರ್ಜೆಂಟ್ ನಂಗಿರ್ಲಿಲ್ಲ."

ಮನೆಯಾಕೆ ಅತ್ತೆಯ ಕೈ ಹಿಡಿದು ಕೂತಿದ್ದಳು. "ಒಳ್ಳೆ ಅಳಿಯನ್ನ ಇಡ್ದಿದ್ದೀಯ ಕಣಮ್ಮಿ. ಅಲ್ಲಿಂದ ಇಲ್ಲಿಗಂಟ ಕೂರ್ಸ್ಕಂಡು ಬಂದವ್ನೆ!" ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಈವಪ್ಪನೂ ಒಂದಪ ಬಂದು ಇಚಾರಿಸ್ಕಂಡು ಓಗಿದ್ರು" ಎಂದಳು. ಅಲ್ಲಿಗೆ ನನ್ನ ಹುಡುಕಾಟವೆಲ್ಲ ವಿಚಾರಿಸಿಕೊಂಡು ಹೋದದ್ದಾಯಿತು.

ಅತ್ತೆ ಎದ್ದು ಫೋಟೋದ ಹತ್ತಿರ ಹೋದರು. ಕಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದರು. ಬಂಗಲೆ, ಹಂಸ, ಟ್ರಾನ್ಸಿಸ್ಟರು, ಯಾವುದನ್ನೂ ನೋಡಲಿಲ್ಲ.

"ಅಯ್ಯೋ, ನಮ್ ಯಜಮಾನ್ರ ಮಕ ಬುಟ್ಟು ಮೊಣಕೈ ನೋಡ್ತಾವ್ಳಲ್ಲಪ್ಪಾ ಇವ್ಳು!" ಎಂದಳು ಮನೆಯಾಕೆ.

ಅತ್ತೆ ನಗಲಿಲ್ಲ. ಬೆರಳಿನಿಂದ ಆ ಕಲ್ಲಿನ ಅಂಚನ್ನು ಸವರಿದರು. ಅಲ್ಲಿ ಒಂದು ಮೂಲೆ ಒಡೆದಿತ್ತು. ನಾನು ಅದನ್ನು ಗಮನಿಸಿರಲಿಲ್ಲ. "ಇದೇ ಕಣಮ್ಮಿ. ಗಾಡಿಯಿಂದ ಇಳ್ಸುವಾಗ ಮೂಲೆ ಒಡ್ದಾಕುದ್ರು. ನಮ್ಮಪ್ಪ ಅವತ್ತು ಆಡಿದ್ ರಂಪ." ಆಮೇಲೆ, "ಕುಂಕುಮ ಇದ್ರೆ ಕೊಡು."

ಮನೆಯಾಕೆ ಒಂದು ಗಳಿಗೆ ಯೋಚಿಸಿದಳು. ಅದು ಅವಳ ಗಂಡನ ಫೋಟೋ. ಕೊನೆಗೆ ಭರಣಿ ತಂದುಕೊಟ್ಟಳು. "ಇಡು. ಅವ್ರ ಕೈಗೆ ತಾಗ್ದಂಗೆ ಇಡು." ಅತ್ತೆ ಮೊಣಕೈಯನ್ನು ತಪ್ಪಿಸಿ ಆ ಅಂಗೈಯಗಲದ ಕಲ್ಲಿಗೆ ಒಂದು ಬೊಟ್ಟಿಟ್ಟು ಕೈಮುಗಿದರು. ಷಡ್ಡಕನೂ ಮುಗಿದ. ಅವನಿಗಿಂತ ಮೊದಲು ಮುಗಿಯಬೇಕಿತ್ತಲ್ಲ ಎಂದು ನನಗೆ ಆಮೇಲೆ ಅನ್ನಿಸಿತು.

ಹೊರಡುವಾಗ ಅವನು ಬೈಕು ಒರೆಸುತ್ತಿದ್ದ. ಅತ್ತೆ ಮನೆಯಾಕೆಗೆ ಹೇಳುವ ಹಾಗೆ, ನಮಗೆ ಕೇಳಿಸುವ ಹಾಗೆ ಹೇಳಿದರು: "ಗಾಡೀಲಿ ನನ್ ಸೊಂಟ ಮುರ್ದೋಯ್ತು ಕಣಮ್ಮಿ. ನಾ ಬಸ್ಸಲ್ಲೇ ಓಯ್ತೀನಿ. ದೊಡ್ಡಳಿಯಂದ್ರು ಬರ್ತಾರಲ್ಲ."

ಷಡ್ಡಕನ ಮುಖ ಬಾಡಿತು. ನಾನು ಚಪ್ಪಲಿ ಮೆಟ್ಟುವ ನೆಪದಲ್ಲಿ ತಲೆ ಬಗ್ಗಿಸಿ ಹಲ್ಲು ಕಿರಿದೆ.

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದಾಗ ಅತ್ತೆ ಕಿಟಕಿಯ ಪಕ್ಕ ಕೂತರು. ನಾನು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಅವರು ಪಕ್ಕದಲ್ಲಿಟ್ಟ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅದೇ ನನಗೆ ಕರೆ. ಕೂತೆ. ಊರು ದಾಟಿದಮೇಲೆ ಅವರು ಕಿಟಕಿಯ ಆಚೆಗೆ ನೋಡುತ್ತಲೇ ಮಾತಾಡಲು ಶುರುಮಾಡಿದರು. ಹೊಲಕ್ಕೆ ಹೇಳುತ್ತಿದ್ದಾರೋ, ಹುಣಸೆಮರಕ್ಕೆ ಹೇಳುತ್ತಿದ್ದಾರೋ ಅನ್ನುವ ಹಾಗೆ. ನನಗೇ ಹೇಳುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಕ್ಕನನ್ನು ಮಣ್ಣು ಮಾಡಿ ಬಂದಮೇಲೆ ಅಪ್ಪ ಯಾರೊಂದಿಗೂ ಮಾತಾಡಲಿಲ್ಲ. ಕಲ್ಲಿನ ಕೆಲಸ ಮುಗಿಯುವವರೆಗೂ ಊಟವನ್ನು ಹೊಲಕ್ಕೇ ತರಿಸಿಕೊಂಡ. ಚಪ್ಪಡಿ ಕೂರಿಸಿದ ದಿನ ಊರಿನವರೆಲ್ಲ ಸುತ್ತ ನಿಂತಿದ್ದರು. ಮೊದಲ ಹೊರೆ ಯಾರದು ಎಂದು ಮಾತು ಬಂತು. "ನಾನು ಉಲ್ಲಿನೊರೆ ಒತ್ಕಂಡು ಬರ್ತಾ ಇದ್ದೆ ಕಣಪ್ಪ. ಸಣ್ಣುಡ್ಗಿ. ಕತ್ತು ನೋಯ್ತಿತ್ತು. ಯಾರಾರ ಕೈ ಕೊಡ್ತಾರೆ ಅಂತ ನಿಂತ್ಕಂಡೆ. ನಮ್ಮಪ್ಪ ಯಾರ್ನೂ ಬುಡ್ಲಿಲ್ಲ. 'ಅವ್ಳೇ ಇಳ್ಸಲಿ' ಅಂದ. ತುದಿಗಾಲ್ ಮ್ಯಾಲೆ ನಿಂತು ಒರೆ ಜಾರುಸ್ದೆ. ಆಗ ನಮ್ಮಪ್ಪ ಅತ್ತ. ಅದುವರ್ಗೂ ಅತ್ತಿರ್ಲಿಲ್ಲ."

ಇಷ್ಟು ವರ್ಷ ಜಗಲಿಯಲ್ಲಿ ಕೂತು ನಾನು ಊರಿಗೆಲ್ಲ ಕತೆ ಹೇಳಿದ್ದೆ. ಬಾಗಿಲ ಮರೆಯಲ್ಲಿ ಈ ಕತೆ ನಿಂತಿತ್ತು.

"ಅದಕ್ಕೂ ಮುಂಚೆ ಏನಾಯ್ತು ಅತ್ತೆ? ಅವರು ಹೆಂಗೆ ಹೋದ್ರು? ಹೆಸರೇನಿತ್ತು?"

"ಅದ ಬರುವಾಗ ಗಾಡೀಲಿ ಚಿಕ್ಕಳಿಯಂದ್ರಿಗೆ ಏಳಿವ್ನಿ," ಎಂದರು ಅತ್ತೆ ಕಿಟಕಿಗೆ. "ಕೇಳ್ಕಳಿ."

"ನೀವೇ ಹೇಳಿ ಅತ್ತೆ."

"ಎರಡೆರಡು ಸಲ ಆಡೋ ಮಾತಲ್ಲ ಅದು." ಅಷ್ಟೇ. ಭೀಮನಬೀಡು ಬರುವವರೆಗೂ ಮತ್ತೆ ತುಟಿ ಬಿಚ್ಚಲಿಲ್ಲ. ಇಳಿದು, ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿ ಒಳಗೆ ಹೋದರು.

ಹಾಗಾದರೆ ಅವನ ಬೆನ್ನಿಗೆ ಹೇಳಿದ್ದಾರೆ. ಗಾಡಿಯಲ್ಲಿ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಹೇಳಿದ್ದಾರೆ. ಹೆಸರು ಅವನ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಆ ಸಂಕಟವನ್ನು ಹೊತ್ತುಕೊಂಡೇ ಹರದನಹಳ್ಳಿಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಫೋನು ಬಡಿದುಕೊಂಡಿತು. ಹೆಂಡತಿ ಎತ್ತಿ, ಮಾತಾಡಿ, ರಿಸೀವರನ್ನು ನನ್ನ ಕಡೆ ಚಾಚಿದಳು. ಗುಂಡ್ಲುಪೇಟೆಯಿಂದ ಷಡ್ಡಕ.

"ಅಣ್ಣ, ಬಸ್ಸಲ್ಲಿ ಅತ್ತೆ ಏನಾರ ಏಳಿದ್ರಾ?"

"ಏಳಿದ್ರು."

"ನಂಗೆ ಅವ್ರಕ್ಕನ್ನ ಎತ್ತಿನ ಗಾಡೀಲಿ ಆಸ್ಪತ್ರೆಗೆ ಕರ್ಕಂಡೋಗೋ ಗಂಟ ಏಳಿದ್ರು. ಅಷ್ಟೊತ್ಗೆ ಊರು ಬಂದ್ಬುಡ್ತು. ಆಮೇಲೇನಾಯ್ತಣ್ಣ?"

"ಹೆಸರೇನಂತೆ?"

"ನೀವು ಮೊದ್ಲು ಏಳಿ" ಎಂದ.

"ಮೊದಲಿಂದು ನಿಮ್ಮತ್ರ ಅದೆ. ನೀವೇ ಮೊದ್ಲು ಏಳ್ಬೇಕು."

"ನೀವು ದೊಡ್ಡೋರು. ನೀವೇ ಏಳಿ."

ಆ ಕಡೆ ಕಾವಲಿಯ ಮೇಲೆ ಏನೋ ಚುರುಗುಟ್ಟುತ್ತಿತ್ತು. ಈ ಕಡೆ ನನ್ನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನೂ ಬಾಯಿ ಬಿಡಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಆದರೆ ಇಬ್ಬರಲ್ಲಿ ಒಬ್ಬರೂ ಫೋನು ಇಡಲಿಲ್ಲ.